ಪುಣೆಯಲ್ಲಿರುವ ಹಾಲಸಿದ್ದ

ನಿಪ್ಪಾಣಿ
೧೧ ಜೂನ್ ೨೦೨೩

ಬ್ರಾಹ್ಮಿ,

ಕಾಗದದ ತಲೆಗೆ ಕ್ಷೇಮವೆಂದು ಬರೆಯುವುದು ರೂಢಿ. ಕ್ಷೇಮವಿಲ್ಲದವರು ಏನು ಬರೆಯಬೇಕೆಂದು ಐಗಳಿಯ ಶಾಲೆಯಲ್ಲಿ ನಮಗೆ ಯಾರೂ ಹೇಳಿಕೊಡಲಿಲ್ಲ. ಹೀಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಹೋದ ತಿಂಗಳು ನೀನು ಪುಣೆಯ ನಿನ್ನ ಸಂಸ್ಥೆಯವರೊಂದಿಗೆ ಅಥಣಿಗೆ ಬಂದಿದ್ದೆ. ಸಣ್ಣ ವಯಸ್ಸಿನಲ್ಲೇ ಕೈಕಾಲು ನಡುಗುವ ರೋಗ ಹತ್ತಿದವರನ್ನು ಸಾಲಾಗಿ ಕೂರಿಸಿ ರಕ್ತ ತೆಗೆದಿರಿ. ನನ್ನ ಅಣ್ಣ ಧರೆಪ್ಪನದನ್ನೂ ತೆಗೆದಿರಿ. ಹೋಲಿಸಿ ನೋಡಲು ರೋಗವಿಲ್ಲದ ಒಡಹುಟ್ಟಿದವನೊಬ್ಬ ಬೇಕೆಂದಿರಿ. ತಮ್ಮ ಹಾಲಸಿದ್ದ ತೋಳು ಚಾಚಿದ. ನಾನು ಅವತ್ತು ಇಲ್ಲಿ ಬೀಡಿ ಕಟ್ಟುವ ಹೆಂಗಸರ ಜೊತೆ ತಹಶೀಲ್ದಾರ ಕಚೇರಿಯ ಮುಂದೆ ಕೂತಿದ್ದೆ. ಅಲ್ಲಿದ್ದಿದ್ದರೆ ಈ ಪ್ರಶ್ನೆಗಳನ್ನು ಎದುರಿಗೇ ಕೇಳುತ್ತಿದ್ದೆ.

ಆ ರಕ್ತವನ್ನು ಏನು ಮಾಡುತ್ತೀರಿ? ಅದರಿಂದ ಧರೆಪ್ಪನಿಗೆ ಏನು ಸಿಗುತ್ತದೆ? ಯಾವಾಗ ಸಿಗುತ್ತದೆ?

ಅವನನ್ನೇ ಕೇಳಿದರೆ, "ಸಣ್ಣಕ್ಕಾರು ಕೇಳಿದ್ರು, ಕೊಟ್ಟೀನಿ. ಅವರೇನ ಹೊರಗಿನವರೇನ?" ಅನ್ನುತ್ತಾನೆ. ಅವನಿಗೆ ನೀನು ಸಾವ್ಕಾರರ ಮಗಳು. ನಿಮ್ಮ ದ್ರಾಕ್ಷಿ ತೋಟದ ಬಳ್ಳಿಗಳಿಗೆ ಹರೆಯವೆಲ್ಲ ಎಣ್ಣೆ ಹೊಡೆದವನು. ಎಣ್ಣೆ ಅಂದರೆ ಏನೆಂದು ನಿನಗೆ ಗೊತ್ತು. ನಿನ್ನ ಸಂಸ್ಥೆಯ ಮೇಡಂಗೆ ಗೊತ್ತಿರಲಿಕ್ಕಿಲ್ಲ: ಹುಳಕ್ಕೂ ಬೂಷ್ಟಿಗೂ ಹೊಡೆಯುವ ವಿಷಕ್ಕೆ ನಮ್ಮ ಕಡೆ ಎಣ್ಣೆ ಅನ್ನುತ್ತಾರೆಂದು ಅವರಿಗೆ ತಿಳಿಸು. ನಲವತ್ತು ತುಂಬಿಲ್ಲ, ಅಣ್ಣನ ಬಲಗೈ ತಟ್ಟೆಯಿಂದ ಬಾಯಿಗೆ ಹೋಗುವಷ್ಟರಲ್ಲಿ ಅನ್ನವೆಲ್ಲ ಉದುರುತ್ತದೆ. ಹೆಂಡತಿ ನೀಲಮ ಉಣಿಸುತ್ತಾಳೆ. ಕೈಯಿಂದ ಎಣ್ಣೆ ಹೊಡೆಯುವ ಗನ್ನು ಜಾರಿ ಬಿದ್ದ ದಿನ, ಅದೇ ತೋಟದಲ್ಲಿ, ಹಾಲಸಿದ್ದ ಅದನ್ನು ಎತ್ತಿಕೊಂಡ. ಈಗ ಹೊಡೆಯುವವನು ಅವನೇ. ನನ್ನ ಎದೆಯಲ್ಲಿ ಕೂತಿರುವುದು ಇದು. ಒಬ್ಬ ಹೋದ, ಇನ್ನೊಬ್ಬನನ್ನು ಉಳಿಸಬೇಕು.

ಫೋನ್ ಮಾಡಬಹುದಿತ್ತು. ಯೂನಿಯನ್ನಿನಲ್ಲಿ ನಾನು ಕಲಿತ ಮೊದಲ ಪಾಠವೆಂದರೆ, ಬಾಯಿಮಾತಿನ ಭರವಸೆ ಗೇಟು ದಾಟುವುದರೊಳಗೆ ಸಾಯುತ್ತದೆ. ಬರೆದು ಕೊಡು.

ಒಂದೇ ಬೆಂಚಿನಲ್ಲಿ ಕೂತಿದ್ದ
ಸೀಮಾ


ಪುಣೆ
೨ ಜುಲೈ ೨೦೨೩

ಸೀಮಾ,

ನಿನ್ನ ಅಕ್ಷರ ಇನ್ನೂ ಹಾಗೇ ಇದೆ, ಕಾಗದ ಹರಿಯುವಷ್ಟು ಒತ್ತಿ ಬರೆಯುತ್ತೀಯ. ಬರೆದು ಕೊಡು ಎಂದೆ. ಕೊಡುತ್ತಿದ್ದೇನೆ.

ಧರೆಪ್ಪಣ್ಣನ ಮಿದುಳಿನಲ್ಲಿ ಒಂದು ಬಗೆಯ ನರಕೋಶಗಳು ಸಾಯುತ್ತಿವೆ. ನಡುಕ ಅದರಿಂದ. ಬದುಕಿರುವ ಮನುಷ್ಯನ ಮಿದುಳಿನಿಂದ ಅವನ್ನು ತೆಗೆದು ನೋಡಲಾಗುವುದಿಲ್ಲ. ಅದಕ್ಕೆ ನಾವು ರಕ್ತದ ಕೋಶಗಳನ್ನು ಹಿಂದಕ್ಕೆ ನಡೆಸಿಕೊಂಡು ಹೋಗುತ್ತೇವೆ. ತಾಯಿಯ ಗರ್ಭದಲ್ಲಿದ್ದಾಗ ಯಾವ ಅಂಗವೂ ಆಗದೆ ಇದ್ದವಲ್ಲ, ಆ ಸ್ಥಿತಿಗೆ. ಅಲ್ಲಿಂದ ಮತ್ತೆ ಮುಂದಕ್ಕೆ ನಡೆಸಿ ನರಕೋಶ ಮಾಡುತ್ತೇವೆ. ತಿಂಗಳುಗಟ್ಟಲೆ ಹಿಡಿಯುತ್ತದೆ. ಕೊನೆಗೆ ಬೆಳೆಯುವುದು ಅಣ್ಣನದೇ ನರ, ಅಣ್ಣನ ತಲೆಯ ಹೊರಗೆ.

ಅವನ್ನು ಪ್ಲಾಸ್ಟಿಕ್ ಪ್ಲೇಟುಗಳಲ್ಲಿ ಹಾಕುತ್ತೇವೆ. ನಿಮ್ಮ ಮನೆಯ ಪಡ್ಡಿನ ಹಂಚು ನೆನೆಸಿಕೋ. ಅಂಗೈಯಗಲದ ಪ್ಲೇಟಿನಲ್ಲಿ ನೂರಾರು ಕುಳಿ, ಒಂದೊಂದರಲ್ಲೂ ಒಂದು ಹನಿಯಷ್ಟು ನರಕೋಶ. ಯಂತ್ರದ ಕೈಯೊಂದು ಬಂದು ಪ್ರತಿ ಕುಳಿಗೂ ಬೇರೆ ಬೇರೆ ರಾಸಾಯನಿಕದ ತೊಟ್ಟು ಬಿಡುತ್ತದೆ. ಸಾವಿರ ಸಾವಿರ ರಾಸಾಯನಿಕ. ಕ್ಯಾಮರಾ ಫೋಟೋ ತೆಗೆದು ಯಾವ ಕುಳಿಯಲ್ಲಿ ನರ ಉಳಿಯಿತು, ಯಾವುದರಲ್ಲಿ ಸತ್ತಿತು ಎಂದು ಎಣಿಸುತ್ತದೆ. ಒಬ್ಬ ಮನುಷ್ಯ ಜೀವಮಾನವಿಡೀ ಮಾಡುವ ಕೆಲಸ ಒಂದು ವಾರದಲ್ಲಿ ಮುಗಿಯುತ್ತದೆ. ನರವನ್ನು ಉಳಿಸಿದ ರಾಸಾಯನಿಕ ಸಿಕ್ಕರೆ ಮುಂದೆ ಅದು ಗುಳಿಗೆಯಾಗಬಹುದು.

ಧರೆಪ್ಪಣ್ಣನಿಗೆ ಏನು ಸಿಗುತ್ತದೆ? ಏನೂ ಸಿಗುವುದಿಲ್ಲ, ಸೀಮಾ. ಗುಳಿಗೆ ಬರುವುದಾದರೂ ಹತ್ತು ಹದಿನೈದು ವರ್ಷ. ಕ್ಯಾಂಪಿನಲ್ಲಿ ಇದನ್ನು ಮರಾಠಿಯಲ್ಲೂ ಕನ್ನಡದಲ್ಲೂ ಓದಿ ಹೇಳಿದೆ. ಅಣ್ಣ ನನ್ನ ಮುಖ ನೋಡಿ ನಗುತ್ತಾ ಕೂತಿದ್ದ. ಕೇಳಿಸಿಕೊಂಡನೋ ಇಲ್ಲವೋ.

ನೀಲಮಳಿಗೆ ನನ್ನ ನಮಸ್ಕಾರ ಹೇಳು.

ಬ್ರಾಹ್ಮಿ


ಐಗಳಿ
೨೦ ಆಗಸ್ಟ್ ೨೦೨೩

ಬ್ರಾಹ್ಮಿ,

ಏನೂ ಸಿಗುವುದಿಲ್ಲ ಎಂದು ಬರೆದೆಯಲ್ಲ, ಆ ಒಂದು ಸಾಲಿಗೆ ನಿನ್ನನ್ನು ಮೆಚ್ಚಿದೆ. ಮಂತ್ರಿಗಳೂ ಡಾಕ್ಟರರೂ ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ನೆಲ ನಮ್ಮಣ್ಣನದು, ಬೆಳೆ ನಿಮ್ಮದು. ಈ ಪದ್ಧತಿ ನಮಗೆ ಹೊಸದಲ್ಲ.

ಆದರೆ ನಿನ್ನ ಕಾಗದವನ್ನು ಇನ್ನೊಮ್ಮೆ ಓದಿದಾಗ ಒಂದು ಮಾತು ಹೊಳೆಯಿತು. ಸಾವಿರ ಸಾವಿರ ರಾಸಾಯನಿಕವನ್ನು ಒಂದೊಂದು ಕುಳಿಗೆ ಹಾಕಿ ನರ ಸಾಯುತ್ತದೋ ಬದುಕುತ್ತದೋ ನೋಡುತ್ತೀರಿ. ಹಾಗಾದರೆ ಒಂದು ಕುಳಿಗೆ ನಮ್ಮ ಎಣ್ಣೆಯನ್ನೂ ಹಾಕಿ. ಅಣ್ಣ ಉಸಿರಿನಲ್ಲಿ ಎಳೆದುಕೊಂಡಿದ್ದನ್ನೇ ಅಣ್ಣನ ನರಕ್ಕೆ ಹಾಕಿ ನೋಡಿ.

ಅದೂ ಬಿಡಿಬಿಡಿಯಾಗಿ ಅಲ್ಲ. ಹೇಗೆ ಹೊಡೆಯುತ್ತಾರೆಂದು ನಿನಗೆ ನಾನು ಹೇಳಬೇಕಾಗಿಲ್ಲ, ಆದರೂ ಬರೆಯುತ್ತೇನೆ, ನಾಳೆ ಗೊತ್ತಿರಲಿಲ್ಲ ಎನ್ನಬಾರದು. ನಿಮ್ಮಪ್ಪ ಶ್ರೀಪಾಲ ಸಾವ್ಕಾರರು ಶೇಡಬಾಳದಲ್ಲಿ ಜೈನ ಮುನಿಗಳ ಮುಂದೆ ವ್ರತ ಹಿಡಿದಂದಿನಿಂದ ಎಣ್ಣೆಯ ಪೈಪು ಮುಟ್ಟಿಲ್ಲ. ಹುಳ ಸಾಯುತ್ತದೆ, ಹಿಂಸೆ. ಬದುವಿನ ಮೇಲೆ ನಿಂತು ಬೆರಳು ತೋರಿಸುತ್ತಾರೆ, ಹೊಡೆಯುವವನು ಧರೆಪ್ಪ. ಭಾದ್ರಪದದ ದಶಲಕ್ಷಣ ಪರ್ವದ ಹತ್ತು ದಿನ ತೋಟದಲ್ಲಿ ಹನಿ ಎಣ್ಣೆ ಬೀಳುವಂತಿಲ್ಲ. ಮಳೆಗಾಲದ ತೇವ, ಹತ್ತು ದಿನದಲ್ಲಿ ಎಲೆಯ ಅಡಿಗೆ ಬೂಷ್ಟು, ಚಿಗುರಿಗೆ ಹುಳ. ಪರ್ವ ಮುಗಿದ ಮರುದಿನ ಎಲ್ಲಕ್ಕೂ ಒಟ್ಟಿಗೇ ಮದ್ದು: ಬೂಷ್ಟಿನ ಪುಡಿ, ಬೂದಿರೋಗದ ಪುಡಿ, ಹುಳದ ಡಬ್ಬಿ, ಮೇಲೆ ಎಲೆಗೆ ಹತ್ತಲೆಂದು ಅಂಟು, ಎಲ್ಲ ಒಂದೇ ಬ್ಯಾರಲ್ಲಿನಲ್ಲಿ. ಕಲಕುವುದು ಕೈಯಿಂದ, ಮೊಣಕೈ ಮುಳುಗುವಷ್ಟು. ಬೇರೆಯವರ ತೋಟದಲ್ಲೂ ಬೆರೆಸುತ್ತಾರೆ; ಬ್ಯಾರಲ್ಲಿಗೆ ಜಾತಿಯಿಲ್ಲ. ಆದರೆ ಹತ್ತು ದಿನದ ಅಹಿಂಸೆಯನ್ನು ಒಂದೇ ದಿನದಲ್ಲಿ ತೀರಿಸಿಕೊಳ್ಳುವುದು ನಿಮ್ಮ ತೋಟದ್ದೇ ಪದ್ಧತಿ.

ಹಾಲಸಿದ್ದನಿಗೆ ಬಿಡು ಎಂದೆ. ನಕ್ಕ. "ಎಣ್ಣಿಯಿಂದ ಆಗಿದ್ರ ಊರಿಗೂರ ನಡಗಬೇಕಿತ್ತಲ್ಲ ಅಕ್ಕಾ. ಅಣ್ಣನ ಹಣೇಬರಹ ಅದು" ಎಂದ. ನಾನು ಬಿಡಲಿಲ್ಲ, ಜಗಳವಾಯಿತು. ಕೊನೆಗೆ ಸಿಟ್ಟಿನಲ್ಲಿ ಒಂದು ಮಾತು ಕೊಟ್ಟ:

"ಸಣ್ಣಕ್ಕಾರು ಕಲತವ್ರು. ಎಣ್ಣಿಯಿಂದನ ಆಗೈತಿ ಅಂತ ಅವರ ಕೈಲೆ ಬರಸ್ಕೊಂಡ ಬಾ. ಅವತ್ತ ಗನ್ ಒಗದ ಬರ್ತೀನಿ. ಅಲ್ಲೀತನಾ ನನ್ನ ತಲಿ ತಿನ್ನಬ್ಯಾಡ."

ಕೇಳಿದೆಯಾ? ಅವನ ಜೀವ ನಿನ್ನ ಒಂದು ಸಾಲಿನ ಮೇಲೆ ನಿಂತಿದೆ. ಪರ್ವ ಬರುವ ತಿಂಗಳಿದೆ. ಅದು ಮುಗಿದ ಮರುದಿನ ಅವನ ಕೈ ಬ್ಯಾರಲ್ಲಿನಲ್ಲಿರುತ್ತದೆ.

ಸೀಮಾ


ಪುಣೆ
೧೪ ಅಕ್ಟೋಬರ್ ೨೦೨೩

ಸೀಮಾ,

ತಡವಾಯಿತು.

ನೀನು ಕೇಳಿದ್ದು ಆಗುವುದಿಲ್ಲ. ನಾವು ಹಾಕುವ ರಾಸಾಯನಿಕಗಳ ಸಂಗ್ರಹ ಹೊರದೇಶದಿಂದ ಮೊಹರು ಹಾಕಿ ಬರುತ್ತದೆ. ಯಾವ ಕುಳಿಗೆ ಯಾವುದು ಎಂದು ಅಲ್ಲಿಯೇ ತೀರ್ಮಾನವಾಗಿರುತ್ತದೆ. ಯಂತ್ರ ಓಡಿಸುವುದಷ್ಟೇ ನಮ್ಮ ಕೆಲಸ. ಮಾರುಕಟ್ಟೆಯ ಎಣ್ಣೆ ತಂದು ಸುರಿದರೆ ಇಡೀ ಪ್ಲೇಟು ಕೆಡುತ್ತದೆ. ಮತ್ತೂ ಒಂದು: ಒಂದು ಕುಳಿಗೆ ಒಂದೇ ವಸ್ತು, ಇದು ಈ ಕೆಲಸದ ಮೂಲ ನಿಯಮ. ಬೆರೆಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಅಣ್ಣನ ಕೋಶಗಳು ಇನ್ನೂ ನರಗಳಾಗಿಲ್ಲ. ಹಿಂದಕ್ಕೆ ನಡೆದಿವೆ, ಮುಂದಕ್ಕೆ ಹೊರಡಬೇಕು. ಹಾಲಸಿದ್ದನವು ಮುಂದಿವೆ. ದಿನಾ ಬೆಳಿಗ್ಗೆ ಹೋಗಿ ಇಬ್ಬರಿಗೂ ಹೊಸ ನೀರು, ಹೊಸ ಸಕ್ಕರೆ, ಉಪ್ಪು ಕೊಡುತ್ತೇನೆ. ರವಿವಾರವೂ ಬಿಡುವಿಲ್ಲ.

ಅಪ್ಪನ ವಿಷಯ ಬೇರೆ, ಇದು ಬೇರೆ. ಎರಡನ್ನೂ ಕೂಡಿಸಬೇಡ ಎಂದು ಬೇಡುತ್ತೇನೆ.

ಬ್ರಾಹ್ಮಿ


ಐಗಳಿ
೧೮ ಫೆಬ್ರವರಿ ೨೦೨೪

ಬ್ರಾಹ್ಮಿ,

ಬೇರೆ ಬೇರೆ ಇಡುವ ಕೆಲಸ ನಿನ್ನದು. ಒಂದೊಂದು ಕುಳಿಗೆ ಒಂದೊಂದು. ನಮಗೆ ಎಲ್ಲ ಒಂದೇ ಬ್ಯಾರಲ್ಲು: ನಿಮ್ಮಪ್ಪ, ತೋಟ, ಎಣ್ಣೆ, ಅಣ್ಣ, ನೀನು. ಕೂಡಿಸಬೇಡ ಅಂದರೆ ಹೇಗೆ ಬಿಡಿಸಲಿ?

ಈ ನಾಲ್ಕು ತಿಂಗಳು ನಾನು ಸುಮ್ಮನೆ ಕೂರಲಿಲ್ಲ. ಕೃಷಿ ಕಚೇರಿಗೆ ಹೋದೆ. ಎಣ್ಣೆಯ ಡಬ್ಬಿಯ ಚೀಟಿಯ ಮೇಲೆ ಕೈಗವಸು, ಮುಖಗವಸು ಎಂದು ಬರೆದಿರುತ್ತದೆ, ಹಾಕಿಕೊಳ್ಳದಿದ್ದರೆ ತಪ್ಪು ಹೊಡೆಯುವವನದು ಎಂದರು. ಐಗಳಿಯ ಬಿಸಿಲಿನಲ್ಲಿ ಅದನ್ನು ಹಾಕಿಕೊಂಡು ಒಂದು ಸಾಲು ಹೊಡೆದು ತೋರಿಸಿ ಸಾಹೇಬರೇ, ನಾನು ಗನ್ನು ತರುತ್ತೇನೆ ಎಂದೆ. ಹೊರಗೆ ಕಳಿಸಿದರು. ಕಾರ್ಮಿಕ ಇಲಾಖೆಯವರು ದ್ರಾಕ್ಷಿ ತೋಟ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಆಸ್ಪತ್ರೆಯವರು ನಡುಕಕ್ಕೆ ಗುಳಿಗೆ ಕೊಡುತ್ತೇವೆ, ಕಾರಣ ಬರೆಯುವುದಿಲ್ಲ ಎಂದರು. ಎಲ್ಲ ಬಾಗಿಲಲ್ಲೂ ಒಂದೇ ಮಾತು, ಪುರಾವೆ ತಾ. ಪುರಾವೆ ಎಲ್ಲಿದೆ? ಅಣ್ಣನ ತಲೆಯಲ್ಲಿದೆ. ಇಲ್ಲವೇ ನಿನ್ನ ಪ್ಲೇಟಿನಲ್ಲಿದೆ.

ಗುಳಿಗೆ ನುಂಗಿದ ಮೇಲೆ ಒಂದಿಷ್ಟು ಹೊತ್ತು ಅಣ್ಣ ಮನುಷ್ಯನಾಗುತ್ತಾನೆ. ಒಂದು ದಿನ ಆ ಹೊತ್ತಿನಲ್ಲಿ ಒಣದ್ರಾಕ್ಷಿಯ ಶೆಡ್ಡಿಗೆ ಹೋಗಿ ಹೆಂಗಸರ ಜೊತೆ ಕಾಳು ಆರಿಸಲು ಕೂತ. ಗುಳಿಗೆಯ ಬಲ ಇಳಿಯುತ್ತಲೇ ಕೈ ನಡುಗಿ ಒಳ್ಳೆಯದೂ ಕೆಟ್ಟದ್ದೂ ಮತ್ತೆ ಕಲೆತವು. ಹೆಂಗಸರು ಅವನು ಕೆಡಿಸಿದ್ದನ್ನು ಹಿಂದೆಯೇ ಆರಿಸುತ್ತಾ ಹೋದರು. "ನಾ ಇದ್ರ ನಿಮಗ ಎರಡ ಪಗಾರದ ಕೆಲಸ ನೋಡ್ರಿ" ಎಂದು ತಾನೇ ನಗೆಯಾಡಿ ಎದ್ದು ಬಂದ. ಮರುದಿನ ಹೋಗಲಿಲ್ಲ.

ಹಾಲಸಿದ್ದ ಹೋದ ವಾರ ಹೊಡೆದು ಬಂದವನು ಹಿತ್ತಲಲ್ಲಿ ವಾಂತಿ ಮಾಡಿಕೊಂಡ. ಬಿಸಿಲಿಗೆ ಪಿತ್ತ ಎಂದ. ನೀಲಮ ನನ್ನ ಮುಖ ನೋಡಿದಳು. ಅಣ್ಣನೂ ಮೊದಮೊದಲು ಹಾಗೇ ಅನ್ನುತ್ತಿದ್ದನಂತೆ.

ನಿಯಮ ಹೇಳಬೇಡ. ನನ್ನ ಅಣ್ಣತಮ್ಮಂದಿರ ನರಗಳು ಈ ಲೋಕದಲ್ಲಿ ನಿನ್ನೊಬ್ಬಳ ಕೈಯಲ್ಲಿವೆ.

ಸೀಮಾ


ಪುಣೆ
೧೯ ಮೇ ೨೦೨೪

ಸೀಮಾ,

ಮಾಡಿದೆ.

ಪ್ಲೇಟಿನ ಅಂಚಿನ ಕುಳಿಗಳು ಬೇಗ ಒಣಗುತ್ತವೆ. ಅದಕ್ಕೆ ಅಲ್ಲಿ ಯಾವ ಪರೀಕ್ಷೆಯನ್ನೂ ಇಡುವುದಿಲ್ಲ, ಬರೀ ನೀರು ತುಂಬಿ ಬಿಡುತ್ತೇವೆ. ಆ ಅಂಚಿನಲ್ಲಿ, ಉಳಿದ ನರಕೋಶಗಳನ್ನು ಹಾಕಿ, ಯಾರಿಗೂ ಹೇಳದೆ ಮಾಡಿದೆ. ಯುಗಾದಿಗೆ ಊರಿಗೆ ಬಂದಾಗ ನಮ್ಮ ಪಂಪ್‌ಹೌಸಿನಿಂದ ಆ ಪುಡಿಗಳನ್ನೂ ಡಬ್ಬಿಯನ್ನೂ ಸ್ವಲ್ಪ ಸ್ವಲ್ಪ ತಂದಿದ್ದೆ. ಅಪ್ಪ ನೋಡಿದರು. ಯಾಕೆಂದು ಕೇಳಲಿಲ್ಲ.

ಬ್ಯಾರಲ್ಲಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ತೆಳುಮಾಡಿದೆ. ಮೊದಲು ಒಂದೊಂದನ್ನೇ ಹಾಕಿದೆ. ನರಗಳು ಉಳಿದವು. ಕೆಲವು ಬಾಡಿದವು, ಸಾಯಲಿಲ್ಲ. ಆಮೇಲೆ ನೀನು ಬರೆದಂತೆ ಬೆರೆಸಿದೆ.

ಬದುಕಿರುವ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದ್ರಾಕ್ಷಿಯ ಚಪ್ಪರದ ಹಾಗೆ ಕಾಣುತ್ತವೆ. ಕುಡಿ ಚಾಚಿ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಮರುದಿನ ಬೆಳಿಗ್ಗೆ ಹೋಗಿ ನೋಡಿದಾಗ ಚಪ್ಪರವಿರಲಿಲ್ಲ. ಎಳೆಗಳು ತುಂಡು ತುಂಡು. ಧರೆಪ್ಪಣ್ಣನವು ಸತ್ತಿದ್ದವು. ಪಕ್ಕದ ಕುಳಿಗಳಲ್ಲಿ ಹೋಲಿಕೆಗೆಂದು ಇಟ್ಟಿದ್ದು ಹಾಲಸಿದ್ದನವು, ರೋಗವಿಲ್ಲದವು. ಅವೂ ಸತ್ತಿದ್ದವು.

ಫೋಟೋ ತೆಗೆದ ಯಂತ್ರ ಅಂಚಿನದನ್ನೂ ತೆಗೆದಿತ್ತು. ಮೇಡಂ ನೋಡಿದರು, ಕರೆದರು. ಬೈಯಲಿಲ್ಲ. ಬೈದಿದ್ದರೆ ನಾನೂ ಎದುರು ಮಾತಾಡುತ್ತಿದ್ದೆ. ಕೂರಿಸಿ ಕೇಳಿದರು: ಅಂಚಿನ ಕುಳಿಗೆ ಬೆಲೆಯುಂಟೇ? ಬಟ್ಟೆ ತೊಳೆಯುವ ಸಾಬೂನಿನ ನೀರು ಹಾಕಿದ್ದರೂ ಈ ನರಗಳು ಸಾಯುತ್ತಿರಲಿಲ್ಲವೇ? ಅವನು ಉಸಿರಾಡಿದ್ದರಲ್ಲಿ ಎಷ್ಟು ಮಿದುಳು ಮುಟ್ಟಿತೆಂದು ನಿನಗೆ ಗೊತ್ತೇ? ಮತ್ತೆ ಮತ್ತೆ ಮಾಡಿ ನೋಡಿದ್ದೀಯಾ? ಸೀಮಾ, ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಮತ್ತೆ ಮಾಡಲು ಬಿಡಿ ಎಂದೆ. ಅದಕ್ಕೆ ನಮಗೆ ಅನುದಾನವಿಲ್ಲ ಎಂದರು. ಆ ಪ್ಲೇಟುಗಳನ್ನು ಸುಟ್ಟು ಹಾಕಿದರು. ನನ್ನನ್ನು ಯಂತ್ರದ ಕೋಣೆಯಿಂದ ತೆಗೆದು ಫೋಟೋ ಎಣಿಸುವ ಕಂಪ್ಯೂಟರಿನ ಮುಂದೆ ಕೂರಿಸಿದ್ದಾರೆ.

ಹಾಲಸಿದ್ದ ಕೇಳಿದ ಸಾಲನ್ನು ನಾನು ಬರೆಯಲಾರೆ. ಎಣ್ಣೆಯಿಂದಲೇ ರೋಗ ಬಂತು ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ನಾನು ಕಂಡದ್ದು ಇಷ್ಟು: ಬೆರೆಸಿದ ಎಣ್ಣೆಯಲ್ಲಿ ಅವನ ನರ ಸತ್ತಿತು. ಇದನ್ನು ಅವನಿಗೆ ಓದಿ ಹೇಳು. ದಯವಿಟ್ಟು ಬಿಡಲು ಹೇಳು. ಇದನ್ನು ನಾನು ಸಂಸ್ಥೆಯವಳಾಗಿ ಬರೆಯುತ್ತಿಲ್ಲ.

ಬ್ರಾಹ್ಮಿ


ಐಗಳಿ
೨೯ ಸೆಪ್ಟೆಂಬರ್ ೨೦೨೪

ಬ್ರಾಹ್ಮಿ,

ನಿನ್ನ ಕಾಗದ ಬಂದ ಮೇಲೆ ಏನೇನಾಯಿತೋ ಎಲ್ಲ ಮುಗಿಯಲಿ ಎಂದು ಕಾದೆ. ಈಗ ಮುಗಿದಿದೆ, ಬರೆಯುತ್ತೇನೆ.

ಹಾಲಸಿದ್ದನನ್ನು ಕಟ್ಟೆಯ ಮೇಲೆ ಕೂರಿಸಿ ಓದಿದೆ. ಅವನ ನರ ಸತ್ತ ಸಾಲನ್ನು ಎರಡು ಸಲ ಓದಿದೆ. ತಲೆ ತಗ್ಗಿಸಿ ಕೇಳಿದ. ಆಮೇಲೆ ಕೇಳಿದ್ದು ಇದು: "ಒಂದೊಂದ ಹಾಕಿದ್ರ ಸಾಯೂದಿಲ್ಲಂತ ಬರದಾರಲ್ಲ? ಹಂಗಾದ್ರ ಒಂದೊಂದ ಹೊಡ್ಯೂನು." ನಾನು ಕಿರುಚಿದೆ. ಅವನು ಶಾಂತವಾಗಿ, "ಎಣ್ಣಿಯಿಂದನ ಬಂತಂತ ಹೇಳಾಕ ಆಗೂದಿಲ್ಲ ಅಂತಾನೂ ಬರದಾರ. ಕಲತವ್ರ ಹೇಳಲಾರದ್ದ ನಾ ಹೆಂಗ ಹೇಳ್ಲಿ? ಗನ್ ಒಗದ ಮನ್ಯಾಗ ಕುಂತ್ರ ಅಣ್ಣನ ಗುಳಿಗಿ ಯಾರ ತರ್ತಾರ?" ಎಂದ.

ನೀನು ನಿಜ ಬರೆದೆ, ಬ್ರಾಹ್ಮಿ. ಒಂದೇ ಒಂದು ಸಾಲು ಸುಳ್ಳು ಬರೆದಿದ್ದರೆ ನನ್ನ ತಮ್ಮ ಉಳಿಯುತ್ತಿದ್ದ. ನಿಮ್ಮ ನಿಜಕ್ಕೆ ನೂರು ಕುಳಿ, ಒಂದರಲ್ಲಿ ಜಾರಿದರೆ ಇನ್ನೊಂದರಲ್ಲಿ ನಿಲ್ಲುತ್ತದೆ. ನಮ್ಮದು ಹಾಗಲ್ಲ.

ಕಾಗದ ಹಿಡಿದು ನಿಮ್ಮ ಮನೆಗೆ ಹೋದೆ. ನಿಮ್ಮಪ್ಪ ಕನ್ನಡಕ ಹಾಕಿಕೊಂಡು ಕೊನೆಯವರೆಗೆ ಓದಿದರು. ಮಗಳ ಅಕ್ಷರ ಗುರುತಿಸಿದರು. ಒಳ್ಳೆಯ ಮನುಷ್ಯ, ಇಲ್ಲವೆನ್ನುವುದಿಲ್ಲ; ಓದುತ್ತಾ ಕಣ್ಣು ಒರೆಸಿಕೊಂಡರು. ಒಂದೊಂದೇ ಹೊಡೆಸಲು ಕೇಳಿದೆ. ಒಂದು ಸಲ ಆಗುವ ಕೆಲಸಕ್ಕೆ ನಾಲ್ಕು ಸಲ ಆಳು, ನಾಲ್ಕು ಸಲ ಡೀಸೆಲ್ಲು, ಅಷ್ಟರಲ್ಲಿ ಬೂಷ್ಟು ತೋಟ ತಿಂದುಬಿಡುತ್ತದೆ ಎಂದರು. ಹೊಡೆಯುವುದನ್ನೇ ನಿಲ್ಲಿಸಿ ಎಂದೆ. ಬಳ್ಳಿ ಕಿತ್ತು ಹಾಕಲೇನು ಮಗಳೇ, ಎಂದು ಕೇಳಿದರು. ವಿಚಾರ ಮಾಡುತ್ತೇನೆ ಎಂದು ಬೀಳ್ಕೊಟ್ಟರು. ವಿಚಾರ ಮಾಡಿದರು ಕೂಡ.

ಪರ್ವ ಮುಗಿದ ಮರುದಿನ ಕ್ಷಮಾವಣಿ. ವರ್ಷವೆಲ್ಲ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕಂಡವರಲ್ಲೆಲ್ಲ ಕ್ಷಮೆ ಕೇಳುವ ನಿಮ್ಮ ದಿನ. ಪ್ರತಿ ವರ್ಷ ನಮ್ಮ ಓಣಿಯ ತುದಿಗೆ ನಿಂತು ಕೈಮುಗಿದು ಹೋಗುತ್ತಿದ್ದ ನಿಮ್ಮಪ್ಪ, ಈ ಸಲ ನಮ್ಮ ಮನೆಯೊಳಗೆ ಬಂದರು. ನೆಲದ ಮೇಲೆ ಅಣ್ಣನ ಎದುರಿಗೆ ಕೂತರು. "ಧರೆಪ್ಪಾ, ನನ್ನಿಂದ ಏನರ ತಪ್ಪಾಗಿದ್ರ ಉತ್ತಮ ಕ್ಷಮಾ" ಎಂದು ಕೈಮುಗಿದರು. ಎದುರಿನವನೂ ಕೈಮುಗಿಯಬೇಕು, ಆಗ ಕ್ಷಮೆ ಪೂರ್ತಿಯಾಯಿತು. ಅಣ್ಣ ಕೈ ಎತ್ತಿದ. ಒಂದು ಕೈ ಇತ್ತ, ಒಂದು ಅತ್ತ. ಕೂಡಲೊಲ್ಲವು. ಅವನ ಮುಖವೆಲ್ಲ ಬೆವರು. ನಿಮ್ಮಪ್ಪ ಒಂದು ಗಳಿಗೆ ನೋಡಿದರು. ಆಮೇಲೆ ತಾವೇ ಮುಂದೆ ಬಾಗಿ ಅವನ ಎರಡೂ ಕೈ ಹಿಡಿದು, ಜೋಡಿಸಿ, ತಮ್ಮ ಹಣೆಗೆ ಒತ್ತಿಕೊಂಡರು.

ಕೇಳಿದವರೂ ಅವರೇ, ಕೊಟ್ಟುಕೊಂಡವರೂ ಅವರೇ. ಇಷ್ಟು ಘೋಷಣೆ ಕೂಗಿದ ನಾನು ಬಾಗಿಲಲ್ಲೇ ನಿಂತು ನೋಡಿದೆ. ಅಣ್ಣ ಅಳುತ್ತಿದ್ದ. ಸಿಟ್ಟಿಗಲ್ಲ. ಸಾವ್ಕಾರರು ತನ್ನ ಕೈ ಹಿಡಿದರಲ್ಲ ಎಂದು.

ಎದ್ದು ಹೋಗುವಾಗ, ನಮ್ಮ ತೋಟದಲ್ಲಿ ಇನ್ನು ಮೇಲೆ ಯಾರ ಕೈಯೂ ಬ್ಯಾರಲ್ಲಿಗೆ ಇಳಿಯುವುದಿಲ್ಲ ಎಂದರು. ಮಾತು ನಡೆಸಿದರು. ಹೊಡೆಯುವ ಕೆಲಸವನ್ನು ಬಾಪುಸಾಹೇಬ ಎನ್ನುವ ಮಿರಜ ಕಡೆಯ ಗುತ್ತಿಗೆದಾರನಿಗೆ ಒಪ್ಪಿಸಿದ್ದಾರೆ. ಅವನದೇ ಟ್ರ್ಯಾಕ್ಟರು, ಅವನದೇ ಟ್ಯಾಂಕು, ಅವನದೇ ಎಣ್ಣೆ. ಐಗಳಿಯಿಂದ ಮಂಗಸೂಳಿಯ ತನಕ ತೋಟಗಳನ್ನು ಹಿಡಿದಿದ್ದಾನೆ. ಅವನೂ ಬೆರೆಸುತ್ತಾನೆ, ಆದರೆ ರಸ್ತೆಯ ಮೇಲೆ, ತೋಟದ ಬೇಲಿಯ ಹೊರಗೆ. ಒಂದು ತೋಟದಲ್ಲಿ ಉಳಿದದ್ದು ಮುಂದಿನ ತೋಟದ ಟ್ಯಾಂಕಿಗೆ. ನಿಮ್ಮಪ್ಪನ ವ್ರತಕ್ಕೆ ಈಗ ಧಕ್ಕೆಯಿಲ್ಲ.

ಹೊಡೆಯಲು ಪಳಗಿದ ಕೈ ಬೇಕಲ್ಲ. ಹಾಲಸಿದ್ದನನ್ನು ಕರೆದ. ಮೊದಲು ಒಂದು ತೋಟಕ್ಕೆ ಹೊಡೆಯುತ್ತಿದ್ದವನು ಈಗ ಊರೂರಿನ ತೋಟಕ್ಕೆ ಹೊಡೆಯುತ್ತಾನೆ. "ಚಲ, ಲೌಕರ", ಬೇಗ ನಡಿ, ಅನ್ನುತ್ತಾ ಬಾಪುಸಾಹೇಬ ಬೆಳಿಗ್ಗೆ ಓಣಿಯಲ್ಲೇ ಹಾರ್ನು ಹೊಡೆಯುತ್ತಾನೆ.

ನೀನು ಮಾಡಿದ್ದು, ನಾನು ಮಾಡಿಸಿದ್ದು, ಇಷ್ಟು.

ಸೀಮಾ


ಪುಣೆ
೧೫ ಡಿಸೆಂಬರ್ ೨೦೨೪

ಸೀಮಾ,

ಹಲವು ಸಲ ಬರೆದು ಹರಿದೆ. ಅಪ್ಪನಿಗೆ ಫೋನ್ ಮಾಡಿ ಕೂಗಾಡಿದೆ. "ನಾ ಮಾಡೂದಷ್ಟ ಮಾಡೀನಿ ಬ್ರಾಹ್ಮಿ, ನಿನ್ನ ಪತ್ರ ಓದಿದಾಗಿಂದ ತೋಟದಾಗ ಕಾಲ ಇಟ್ಟಿಲ್ಲ" ಎಂದರು. ಅವರ ದನಿ ಒಡೆದಿತ್ತು. ಅವರು ನಟಿಸುತ್ತಿಲ್ಲ, ಸೀಮಾ. ಅದನ್ನು ಕೇಳಿ ನನಗೆ ಹೆಚ್ಚು ಭಯವಾಯಿತು.

ಇಲ್ಲಿಯ ಸುದ್ದಿ ನಿನಗೆ ಹೇಳದೆ ಇರಬಾರದು. ದೊಡ್ಡ ಪರೀಕ್ಷೆ ಮುಗಿಯಿತು. ಕೆಲವೇ ಕೆಲವು ರಾಸಾಯನಿಕಗಳು ಧರೆಪ್ಪಣ್ಣನ ನರಗಳನ್ನು ಕೆಲವು ದಿನ ಹೆಚ್ಚು ಬದುಕಿಸಿದವು. ಸಂಸ್ಥೆಯಲ್ಲಿ ಪೇಢೆ ಹಂಚಿದರು. ನಾನೂ ತಿಂದೆ.

ಮತ್ತೊಂದು. ಇಲ್ಲಿ ಬೆಳೆದ ಎಲ್ಲ ಕೋಶಗಳಲ್ಲಿ ಹಾಲಸಿದ್ದನವು ಬಹಳ ಚೆನ್ನಾಗಿವೆ. ಗಟ್ಟಿ, ಒಂದೇ ಸಮ, ಬೇಗ ಬೆಳೆಯುತ್ತವೆ. ಅದಕ್ಕೆ ಇನ್ನು ಮುಂದೆ ಆರೋಗ್ಯವಂತನ ಮಾದರಿ ಎಂದು ಪ್ರತಿ ಪ್ಲೇಟಿನಲ್ಲೂ ಅವನನ್ನೇ ಇಡಲು ತೀರ್ಮಾನಿಸಿದ್ದಾರೆ. 'ಅವನನ್ನೇ' ಎಂದು ಬರೆದೆ, ನೋಡು. ಇಲ್ಲಿ ಯಾರೂ ಹಾಗೆ ಅನ್ನುವುದಿಲ್ಲ, ಅವನಿಗೊಂದು ನಂಬರು. ಬೇರೆ ಊರಿನ ಪ್ರಯೋಗಾಲಯಗಳಿಗೂ ಕಳಿಸುತ್ತಾರೆ. ಬೇರೆಯವರ ರೋಗದ ನರಗಳನ್ನು ಅವನ ನರಗಳ ಪಕ್ಕಕ್ಕಿಟ್ಟು, ಆರೋಗ್ಯವೆಂದರೆ ಹೀಗಿರಬೇಕು ಎಂದು ಅಳೆಯುತ್ತಾರೆ. ಅವನು ಯಾವ ಕೆಲಸ ಮಾಡುತ್ತಾನೆಂದು ಯಾರೂ ಕೇಳಿಲ್ಲ. ನಾನು ಹೇಳಿದೆ. ಕೋಶಗಳು ಚೆನ್ನಾಗಿದ್ದರೆ ಸಾಕು ಎಂದರು.

ನಾನು ಕೊಡಬಹುದಾದದ್ದು ಒಂದೇ ಉಳಿದಿದೆ. ರಕ್ತ ಕೊಟ್ಟವರಿಗೆ ಒಪ್ಪಿಗೆ ಹಿಂತೆಗೆಯುವ ಹಕ್ಕಿದೆ. ಹಾಲಸಿದ್ದ ಬೇಡವೆಂದರೆ ಇಲ್ಲಿರುವ ಅವನ ಕೋಶಗಳನ್ನೆಲ್ಲ ಸುಡಬೇಕು, ಮೇಡಂ ತಡೆಯಲಾರರು. ಇಲ್ಲಿಯ ಕೆಲಸ ಎಷ್ಟೋ ತಿಂಗಳು ನಿಂತುಹೋಗುತ್ತದೆ. ನಿಲ್ಲಲಿ. ನಮ್ಮನ್ನು ನೋಯಿಸಲು ನಿಮ್ಮ ಕೈಯಲ್ಲಿರುವುದು ಇದೊಂದೇ. ಅವನನ್ನು ಕೇಳಿ ತಿಳಿಸು. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಬ್ರಾಹ್ಮಿ


ಐಗಳಿ
೨೦ ಜನವರಿ ೨೦೨೫

ಬ್ರಾಹ್ಮಿ,

ನಿನ್ನ ಕಾಗದ ಕೈಗೆ ಬಂದಾಗ ನನಗೆ ಬಹಳ ದಿನದ ಮೇಲೆ ಮೈಯಲ್ಲಿ ರಕ್ತ ಹರಿದ ಹಾಗಾಯಿತು. ಸಿಕ್ಕಿತಲ್ಲ ಒಂದು ಹಿಡಿಕೆ ಎಂದುಕೊಂಡೆ. ಬೀಡಿ ಕಾರ್ಖಾನೆಯ ಗೇಟು ಮುಚ್ಚಿಸಿದವರು ನಾವು. ಪುಣೆಯ ಗೇಟನ್ನೂ ಮುಚ್ಚಿಸೋಣ. ಅಂದೇ ಬಸ್ಸು ಹಿಡಿದು ಐಗಳಿಗೆ ಬಂದೆ.

ನಿನ್ನೆ ಬೆಳಿಗ್ಗೆ ಹಾಲಸಿದ್ದ ಗನ್ನಿನ ಪೈಪು ಸುತ್ತುತ್ತಾ ಅಂಗಳದಲ್ಲಿ ಕೂತಿದ್ದ. ಓದಿ ಹೇಳಿದೆ. ತನ್ನ ನರ ಊರೂರು ತಿರುಗುತ್ತದೆಂದು ಕೇಳಿ ಮೊದಲು ನಂಬಲಿಲ್ಲ. "ನಾ ಮಿರಜ ದಾಟಿಲ್ಲ. ಅವ ಎಲ್ಲೆಲ್ಲಿ ಹೊಂಟಾನ ನೋಡ" ಎಂದು ನೀಲಮಳಿಗೆ ಹೇಳಿ ನಕ್ಕ. ಅಲ್ಲಿ ಅವನಿಗೆ ಊಟವೇನು ಎಂದು ಕೇಳಿದ. ಸಕ್ಕರೆ, ಉಪ್ಪು, ದಿನಾ ಹೊಸ ನೀರು ಎಂದು ನೀನು ಬರೆದದ್ದನ್ನು ಹೇಳಿದೆ. ಬಿಸಿಲು ಬೀಳುತ್ತದೇನು ಎಂದ. ಇಲ್ಲ, ಒಂದೇ ಹದದ ಬೆಚ್ಚಗಿನ ಪೆಟ್ಟಿಗೆ ಎಂದೆ. ಬೈಯುವವರಿದ್ದಾರೇನು ಎಂದ.

ಆಮೇಲೆ ಹೇಳಿದೆ: ಬೇಡವೆನ್ನು, ಎಲ್ಲ ಸುಡುತ್ತಾರೆ. ಅವರ ಕೆಲಸ ನಿಲ್ಲುತ್ತದೆ. ನಿನ್ನನ್ನು ಕೇಳದೆ ಅವರು ಒಂದು ಹೆಜ್ಜೆ ಇಡಲಾಗದು ಎನ್ನುವುದು ಅವರಿಗೂ ಒಮ್ಮೆ ಗೊತ್ತಾಗಲಿ. ಸಭೆಯಲ್ಲಿ ಮಾತಾಡುವ ಹಾಗೆ ಮಾತಾಡಿದೆ. ಒಳಗಿನಿಂದ ಧರೆಪ್ಪ ಕೇಳಿಸಿಕೊಳ್ಳುತ್ತಿದ್ದ, ಅವನ ಕಟ್ಟಿಗೆಯ ಮಂಚ ಗೋಡೆಗೆ ಕಟಕಟ ಬಡಿಯುವುದು ಕೇಳುತ್ತಿತ್ತು.

ಹಾಲಸಿದ್ದ ಪೈಪು ಹೆಗಲಿಗೆ ಹಾಕಿಕೊಂಡು ಎದ್ದ. ರಸ್ತೆಯಲ್ಲಿ ಬಾಪುಸಾಹೇಬನ ಹಾರ್ನು ಆಗಿತ್ತು.

"ಸುಡಬ್ಯಾಡ ಅಂತ ಬರಿ ಅಕ್ಕಾ," ಎಂದ. "ಇರಲಿ ಅವ. ನಮ್ಮಾಗ ಒಬ್ಬನರ ನೆಳ್ಳಾಗ ಇರಲಿ."

ಹೋದ. ಅವನು ಹೇಳಿದ್ದನ್ನು ಬರೆದಿದ್ದೇನೆ. ನನ್ನದೆಂದು ಸೇರಿಸಲು ಏನೂ ಇಲ್ಲ.

ಸೀಮಾ